ಮೋಟಾರ್ ಸೈಕಲ್ ಸವಾರಿಯ ಶಿಕ್ಷಣ: ಒಂದು ಐತಿಹಾಸಿಕ ಸಮೀಕ್ಷೆ

ವಾಹನವನ್ನೇರಿ ನಡೆಸುವುದು ಕಲಿತು ಪಡೆಯಬೇಕಾದ ವಿದ್ಯೆಯೆಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ವಿನೋದಕ್ಕೆಂದೇ ಒಂದು ಪ್ರಕರಣವಿದೆ. ಕುದುರೆಯನ್ನು ಓಡಿಸಿ ಪಳಗಿಸುವುದಕ್ಕೆ ಊರ ಬೀದಿಯಿಂದ ಬೇರೆಯಾದ ಬಯಲೊಂದು ಬೇಕೆಂಬ ಅರಿವು ‘ವಾಹ್ಯಾಳಿ’ ಎಂಬ ಶಬ್ದದಲ್ಲಿಯೇ ಅಡಗಿದೆ. ಕನ್ನಡ ಕಾವ್ಯಗಳ ಓದುಗರಿಗೆ ಅದು ಹೊಸದಲ್ಲ. ಆದರೆ ಕುದುರೆಯ ಸ್ಥಾನಕ್ಕೆ ಮೋಟಾರ್ ಸೈಕಲ್ಲು ಬಂದಾಗ ಈ ಅರಿವು ಅದರ ಜೊತೆಯಲ್ಲಿ ಬರಲಿಲ್ಲ. ಬೈಸಿಕಲ್ಲನ್ನು ಬಲ್ಲವನು ಮೋಟಾರ್ ಸೈಕಲ್ಲನ್ನೂ ಬಲ್ಲನೆಂದೂ, ಉಳಿದುದೆಲ್ಲ ಧೈರ್ಯಕ್ಕೆ ಮತ್ತು ಬಳಕೆಗೆ ಸೇರಿದ್ದೆಂದೂ ಜನ ಭಾವಿಸಿದರು. ಯಂತ್ರವು ಹುಟ್ಟಿ ಸುಮಾರು ಒಂದು ಶತಮಾನ ಕಳೆಯುವವರೆಗೂ ಈ ಭಾವನೆ ಬಲವಾಗಿಯೇ ಇದ್ದಿತು.

ಈ ನಂಬಿಕೆ ಹೇಗೆ ಸಡಲಿತು, ಸವಾರಿಯು ಹೇಗೆ ಬಿಡಿ ಬಿಡಿಯಾದ ಪಾಠಗಳಾಗಿ ವಿಂಗಡಗೊಂಡಿತು, ಆ ಪಾಠಗಳು ಯಾರನ್ನು ಮುಟ್ಟಿದುವು, ಯಾರನ್ನು ಮುಟ್ಟದೆ ಉಳಿದುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಕುತೂಹಲದ ವಿಷಯವಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅವರಲ್ಲಿ ಶೇಕಡ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು.

ತಿಳಿದಿದ್ದರೂ ಕಲಿಸದ ಸತ್ಯ

1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ನಿರ್ಮಿಸಿದ ಮರದ ಚೌಕಟ್ಟಿನ ಮೋಟಾರು ವಾಹನಕ್ಕೆ ಎರಡು ಪಕ್ಕಗಳಲ್ಲಿಯೂ ಆಸರೆಯ ಸಣ್ಣ ಚಕ್ರಗಳಿದ್ದುವು. ಅದು ಬೀಳದಂತೆ ನೋಡಿಕೊಳ್ಳುವ ಹೊಣೆ ಸವಾರನದಾಗಿರಲಿಲ್ಲ. 1894ರಲ್ಲಿ ಮ್ಯೂನಿಕ್ ನಗರದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಸಂಸ್ಥೆ ಮೋಟಾರ್ ಸೈಕಲ್ಲುಗಳನ್ನು ಸಾಲಾಗಿ ತಯಾರಿಸಿ ಮಾರತೊಡಗಿದಾಗ ಆ ಹೊಣೆ ಸವಾರನ ಮೇಲೆ ಬಿದ್ದಿತು. ಅದನ್ನು ನಿರ್ವಹಿಸುವ ಬಗೆಯನ್ನು ಮಾತ್ರ ಯಾರೂ ಆತನಿಗೆ ಹೇಳಿಕೊಡಲಿಲ್ಲ.

ಹೇಳಿಕೊಡುವುದಕ್ಕೆ ಜ್ಞಾನದ ಅಭಾವವಿತ್ತೆ? ಇರಲಿಲ್ಲವೆಂಬುದೇ ಇಲ್ಲಿ ಗಮನಾರ್ಹ ಸಂಗತಿ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರ್‍ಯಾಂಕಿನ್, ಅಂದಿನ ಕಾಲಿನಿಂದ ತುಳಿಯುವ ದ್ವಿಚಕ್ರಿಯ ಚಲನೆಯನ್ನು ಕುರಿತು 1869ರಲ್ಲಿಯೇ ‘ದಿ ಎಂಜಿನಿಯರ್’ ಪತ್ರಿಕೆಯಲ್ಲಿ ಬರೆದಿದ್ದನು. ವೇಗದಲ್ಲಿರುವ ದ್ವಿಚಕ್ರ ವಾಹನವನ್ನು ಬಲಕ್ಕೆ ತಿರುಗಿಸಬೇಕಾದರೆ ಮುಂಚಕ್ರವನ್ನು ಮೊದಲು ಕ್ಷಣಕಾಲ ಎಡಕ್ಕೆ ಹೊರಳಿಸಬೇಕೆಂಬ ವಿಷಯ ಅಲ್ಲಿ ಬಂದಿದೆ. ಹಾಗೆ ಹೊರಳಿಸಿದಾಗ ಚಕ್ರಗಳು ನೆಲವನ್ನು ಮುಟ್ಟುವ ರೇಖೆಯು ಸವಾರನ ಭಾರದ ಅಡಿಯಿಂದ ಎಡಕ್ಕೆ ಸರಿಯುತ್ತದೆ. ವಾಹನವು ಬಲಕ್ಕೆ ವಾಲುತ್ತದೆ. ವಾಲಿದ ಮೇಲೆ ಬಲಕ್ಕೆ ತಿರುಗುತ್ತದೆ. ಸವಾರನ ಕೈಗೆ ಇದು ಬಲಗಡೆಯ ಹಿಡಿಯನ್ನು ಮುಂದಕ್ಕೆ ಒತ್ತುವ ಕ್ರಿಯೆಯಾಗಿ ಅನುಭವಕ್ಕೆ ಬರುತ್ತದೆ. 1899ರಲ್ಲಿ ಇಂಗ್ಲೆಂಡಿನ ವಿಪಲ್ ದ್ವಿಚಕ್ರಿಯ ಸ್ಥಿರತೆಯನ್ನು ಗಣಿತದ ಸಮೀಕರಣಗಳಲ್ಲಿ ನಿರೂಪಿಸಿದನು. ಸೈಕಲ್ ಅಂಗಡಿಯನ್ನು ನಡೆಸುತ್ತಿದ್ದು ಮುಂದೆ ವಿಮಾನವನ್ನು ನಿರ್ಮಿಸಿದ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್, ಬೈಸಿಕಲ್ಲನ್ನು ಹೇಗೆ ತಿರುಗಿಸುತ್ತೀರೆಂದು ಅನೇಕರನ್ನು ಕೇಳಿ, ಎಲ್ಲರೂ ತಿರುಗಿಸಬಲ್ಲರಾದರೂ ಹೇಗೆಂದು ಸರಿಯಾಗಿ ಹೇಳಬಲ್ಲವರಿಲ್ಲವೆಂಬುದನ್ನು ಕಂಡುಕೊಂಡನು.

ಕೈ ಬಲ್ಲುದನ್ನು ಬುದ್ಧಿ ಅರಿಯದಿದ್ದರೆ ನಷ್ಟವೇನೆಂದು ಕೇಳಬಹುದು. ನಿರಾತಂಕವಾದ ಸವಾರಿಯಲ್ಲಿ ನಷ್ಟವೇನೂ ಇಲ್ಲ. ಗಾಬರಿಯ ಗಳಿಗೆಯಲ್ಲಿ ಅದು ಪ್ರಾಣದ ಪ್ರಶ್ನೆಯಾಗುತ್ತದೆ. ಬಲಗಡೆಯಿಂದ ಲಾರಿಯೊಂದು ನುಗ್ಗಿದಾಗ, ಎಡಕ್ಕೆ ತಪ್ಪಿಸಿಕೊಳ್ಳಬೇಕೆಂದು ಹ್ಯಾಂಡಲನ್ನು ಎಡಕ್ಕೆ ಎಳೆದವನ ವಾಹನವು ಬಲಕ್ಕೇ ವಾಲಿ ಲಾರಿಯ ಕಡೆಗೇ ಸಾಗುತ್ತದೆ. ವಿದ್ವಾಂಸರ ಬರಹದಲ್ಲಿ 1869ರಿಂದ ಇದ್ದ ಈ ವಿಷಯವು ಸವಾರರ ಪಾಠಕ್ರಮದಲ್ಲಿ ನೆಲೆಗೊಳ್ಳುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಪೋಲೀಸರ ಪಾಠಶಾಲೆ

ಸವಾರಿಯ ಶಿಕ್ಷಣಕ್ಕೆ ಎರಡು ಮೂಲಗಳುಂಟು. ಒಂದು ಪೋಲೀಸರ ಶಾಲೆ, ಇನ್ನೊಂದು ಪಂದ್ಯದ ಪಥ. ಮೊದಲನೆಯದು ಬ್ರಿಟನ್ನಿನಲ್ಲಿ ಸ್ಪಷ್ಟವಾಗಿ ರೂಪುಗೊಂಡಿತು. 1934ರಲ್ಲಿ ಆ ದೇಶದ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಮರುವರ್ಷ ಜೂನ್ ತಿಂಗಳಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಅದೇ ದಶಕದ ನಡುವೆ ಲಂಡನ್ ಪೋಲೀಸ್ ಕಮಿಷನರ್ ಆಗಿದ್ದ ಟ್ರೆಂಚಾರ್ಡ್ ಪ್ರಭುವಿನ ಆಸಕ್ತಿಯಿಂದ ಹೆಂಡನ್‌ನಲ್ಲಿ ಪೋಲೀಸ್ ಚಾಲಕರ ಶಾಲೆ ಪ್ರಾರಂಭವಾಯಿತು. 1937ರಲ್ಲಿ ಪಂದ್ಯಗಳಲ್ಲಿ ಅನುಭವವಿದ್ದ ಕಾಟನ್‌ಹ್ಯಾಮ್ ಪ್ರಭು ಅಲ್ಲಿಯ ಪಾಠಕ್ರಮವನ್ನು ಪರಿಷ್ಕರಿಸಿದನು. ಪ್ರತಿಯೊಂದು ತಿರುವನ್ನೂ ಅಡ್ಡರಸ್ತೆಯನ್ನೂ ಒಂದೇ ಕ್ರಮದಲ್ಲಿ ಸಮೀಪಿಸಬೇಕೆಂಬುದು ಆ ಪಾಠದ ತಿರುಳು: ಮೊದಲು ನೋಟ, ಆಮೇಲೆ ರಸ್ತೆಯಲ್ಲಿ ತಾನಿರಬೇಕಾದ ಸ್ಥಾನ, ಆಮೇಲೆ ವೇಗ, ಆಮೇಲೆ ಗೇರು, ಕೊನೆಗೆ ಮುನ್ನುಗ್ಗುವಿಕೆ. ಈ ಅನುಕ್ರಮದ ವಿವರಗಳು ಕಾಲಕಾಲಕ್ಕೆ ತಿದ್ದುಪಡಿಯಾದರೂ ತತ್ತ್ವ ಬದಲಾಗಲಿಲ್ಲ. 1955ರಲ್ಲಿ ಈ ಪಾಠಗಳು ‘ರೋಡ್‌ಕ್ರಾಫ್ಟ್’ ಎಂಬ ಪುಸ್ತಕವಾಗಿ ಸಾರ್ವಜನಿಕರ ಕೈಸೇರಿದುವು. ಮುಂದೆ ಮೋಟಾರ್ ಸೈಕಲ್ ಸವಾರರಿಗೆ ಪ್ರತ್ಯೇಕ ಪುಸ್ತಕವೂ ಬಂದಿತು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಹೋಗಬೇಕೆಂಬುದು ಈ ಸಂಪ್ರದಾಯದ ಮುಖ್ಯ ವಿಧಿ.

ಇದೇ ಕಾಲದ ಇನ್ನೊಂದು ಘಟನೆಯೂ ಇಲ್ಲಿ ಉಲ್ಲೇಖಾರ್ಹ. ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಡಾರ್ಸೆಟ್ ಪ್ರಾಂತದಲ್ಲಿ ತನ್ನ ಬ್ರೋ ಸುಪೀರಿಯರ್ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ಮೇಲೆ ಮೃತನಾದನು. ಆತನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಯ ಗಾಯಗಳನ್ನು ವ್ಯವಸ್ಥಿತವಾಗಿ ಅಭ್ಯಸಿಸಿ, 1941ರಲ್ಲಿ ಶಿರಸ್ತ್ರಾಣದ ಅಗತ್ಯವನ್ನು ಪ್ರತಿಪಾದಿಸಿದನು. ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಬಿದ್ದವನನ್ನು ಉಳಿಸುವ ವಿದ್ಯೆ ಹೀಗೆ ಮುಂದುವರಿಯಿತು. ಬೀಳದಂತೆ ನಡೆಸುವ ವಿದ್ಯೆ ಪೋಲೀಸರ ಶಾಲೆಯ ಗೋಡೆಗಳನ್ನು ದಾಟಿ ಹರಡಲು ಇನ್ನೂ ಕಾಲ ಬೇಕಾಯಿತು.

ಜಪಾನಿನಲ್ಲಿ ಈ ಎರಡು ಮೂಲಗಳು ಬೇಗನೆ ಕೂಡಿಕೊಂಡುವು. ಹೋಂಡಾ ಸಂಸ್ಥೆ 1962ರಲ್ಲಿ ಸುಝುಕಾ ಎಂಬಲ್ಲಿ ಪಂದ್ಯದ ಪಥವೊಂದನ್ನು ಕಟ್ಟಿಸಿತು. 1964ರಲ್ಲಿ ಅದೇ ಆವರಣದಲ್ಲಿ ಪೋಲೀಸ್ ಸವಾರರಿಗೆ ತರಬೇತಿ ಪ್ರಾರಂಭವಾಯಿತು. ವೇಗಕ್ಕಾಗಿ ಕಟ್ಟಿದ ಸ್ಥಳದಲ್ಲಿ ಸುರಕ್ಷತೆಯ ಪಾಠ ನಡೆಯಬಹುದೆಂಬುದಕ್ಕೆ ಇದೊಂದು ಮುಖ್ಯ ನಿದರ್ಶನ. ಜಪಾನಿನ ಲೈಸೆನ್ಸು ಪರೀಕ್ಷೆಯಲ್ಲಿ 15 ಮೀಟರು ಉದ್ದ, 30 ಸೆಂಟಿಮೀಟರು ಅಗಲದ ಹಲಗೆಯಂಥ ದಿಣ್ಣೆಯ ಮೇಲೆ ವಾಹನವನ್ನು ನಡೆಸಬೇಕು. ದೊಡ್ಡ ಮೋಟಾರ್ ಸೈಕಲ್ಲಿನ ಅಭ್ಯರ್ಥಿಯು ಅದನ್ನು ದಾಟಲು ಕನಿಷ್ಠ 10 ಸೆಕೆಂಡುಗಳನ್ನಾದರೂ ತೆಗೆದುಕೊಳ್ಳಬೇಕೆಂಬುದು ನಿಯಮ. ಬೇಗ ದಾಟಿದವನಿಗೆ ಅಂಕಗಳು ಕಡಿಮೆಯಾಗುತ್ತವೆ. ನಿಧಾನವಾಗಿ ಹೋಗುವುದೂ ಕಲಿಯಬೇಕಾದ ಕೌಶಲವೆಂದು ಅಲ್ಲಿಯವರು ಮನಗಂಡರು.

ಪಂದ್ಯದ ಪಥದಿಂದ ಬಂದ ವಿಶ್ಲೇಷಣೆ

ಎರಡನೆಯ ಮೂಲವಾದ ಪಂದ್ಯದ ಪಥವು ಇನ್ನೂ ಹಳೆಯದು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥವೂ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯವೂ 1907ರಲ್ಲಿಯೇ ಪ್ರಾರಂಭವಾದುವು. ಆದರೆ ಬಹುಕಾಲ ಪಥವು ಸ್ಪರ್ಧೆಯ ಸ್ಥಳವಾಗಿತ್ತೇ ಹೊರತು ಶಾಲೆಯಾಗಿರಲಿಲ್ಲ. ಗೆದ್ದವನು ತಾನು ಗೆದ್ದ ಬಗೆಯನ್ನು ವಿವರಿಸಲಾರದವನಾಗಿದ್ದನು. ವಿವರಿಸಬಲ್ಲವನು ಎದುರಾಳಿಗೆ ಅದನ್ನೇಕೆ ತಿಳಿಸಿಯಾನು?

1970ರ ದಶಕದಲ್ಲಿ ಸವಾರಿಯ ಶೈಲಿಯೇ ಬದಲಾಯಿತು. ಅಮೆರಿಕದ ಕೆನ್ನಿ ರಾಬರ್ಟ್ಸ್ ಮಣ್ಣಿನ ಪಥದಲ್ಲಿ ಬೆಳೆದ ಸವಾರ. ಹಿಂಚಕ್ರ ಜಾರುತ್ತಿರುವಾಗಲೂ ವಾಹನವನ್ನು ಹತೋಟಿಯಲ್ಲಿಟ್ಟುಕೊಳ್ಳುವ ಪಾಠವನ್ನು ಆತ ಮಣ್ಣಿನಲ್ಲಿ ಕಲಿತು ಡಾಂಬರಿನ ಪಥಕ್ಕೆ ತಂದನು. ತಿರುವಿನಲ್ಲಿ ದೇಹವನ್ನು ಒಳಪಕ್ಕಕ್ಕೆ ಇಳಿಬಿಟ್ಟು, ಮೊಣಕಾಲು ನೆಲವನ್ನು ಸವರುವಂತೆ ಸಾಗುತ್ತಿದ್ದನು. ದೇಹವು ಒಳಕ್ಕೆ ಸರಿದಷ್ಟೂ ಅದೇ ವೇಗಕ್ಕೆ ವಾಹನವು ವಾಲಬೇಕಾದ ಕೋನವು ಕಡಿಮೆಯಾಗುತ್ತದೆ. ಟಯರಿನ ಹಿಡಿತಕ್ಕೆ ಅಷ್ಟು ಅವಕಾಶ ಉಳಿಯುತ್ತದೆ. 1978ರಿಂದ 1980ರವರೆಗೆ ಸತತವಾಗಿ ಮೂರು ಸಲ ಆತ 500 ಸಿ.ಸಿ. ವಿಭಾಗದ ವಿಶ್ವ ಚಾಂಪಿಯನ್ ಆದುದರಿಂದ, ಇದು ಆಟಾಟೋಪವಲ್ಲ, ಕಾರಣಸಹಿತವಾದ ತಂತ್ರವೆಂದು ಎಲ್ಲರೂ ಒಪ್ಪಬೇಕಾಯಿತು.

ಈ ತಂತ್ರಗಳನ್ನು ಪಾಠವಾಗಿ ಪರಿವರ್ತಿಸಿದವರಲ್ಲಿ ಅಮೆರಿಕದ ಕೀತ್ ಕೋಡ್ ಪ್ರಮುಖನು. 1980ರಲ್ಲಿ ಆತ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲನ್ನು ಸ್ಥಾಪಿಸಿದನು. 1983ರಲ್ಲಿ ‘ಎ ಟ್ವಿಸ್ಟ್ ಆಫ್ ದಿ ರಿಸ್ಟ್’ ಎಂಬ ಗ್ರಂಥವನ್ನೂ, 1993ರಲ್ಲಿ ಅದರ ಎರಡನೆಯ ಸಂಪುಟವನ್ನೂ ಪ್ರಕಟಿಸಿದನು. ಸವಾರನ ಗಮನವನ್ನು ಆತ ಜೇಬಿನಲ್ಲಿರುವ ಹತ್ತು ಡಾಲರುಗಳಿಗೆ ಹೋಲಿಸುತ್ತಾನೆ. ಹೊಸಬನು ಒಂದೊಂದು ಕ್ರಿಯೆಗೂ ಹೆಚ್ಚು ಗಮನವನ್ನು ವ್ಯಯಮಾಡುವನು. ಕ್ರಿಯೆಯು ರೂಢಿಯಾದಂತೆ ವೆಚ್ಚ ಇಳಿದು, ಉಳಿದ ಹಣ ಹೊಸ ಅಪಾಯವನ್ನು ಗಮನಿಸುವುದಕ್ಕೆ ಒದಗುತ್ತದೆ. ಭಯವು ದೇಹದಲ್ಲಿ ಎಬ್ಬಿಸುವ ಸಹಜ ಪ್ರತಿಕ್ರಿಯೆಗಳೇ ಸವಾರನ ಶತ್ರುಗಳೆಂಬುದು ಆತನ ಇನ್ನೊಂದು ಪ್ರತಿಪಾದನೆ. ತಿರುವಿನ ನಡುವೆ ಹೆದರಿದವನು ಆಕ್ಸಿಲರೇಟರನ್ನು ತಟಕ್ಕನೆ ಬಿಡುತ್ತಾನೆ, ತೋಳುಗಳನ್ನು ಬಿಗಿಹಿಡಿಯುತ್ತಾನೆ, ಯಾವುದಕ್ಕೆ ಹೆದರಿದನೋ ಅದನ್ನೇ ನೆಟ್ಟ ನೋಟದಿಂದ ನೋಡುತ್ತಾನೆ. ಆಕ್ಸಿಲರೇಟರನ್ನು ಬಿಟ್ಟಾಗ ಭಾರವೆಲ್ಲ ಮುಂಚಕ್ರದ ಮೇಲೆ ಬೀಳುತ್ತದೆ. ಬಿಗಿದ ತೋಳುಗಳು ವಾಹನದ ಸಹಜ ಸ್ಥಿರತೆಗೆ ಅಡ್ಡಬರುತ್ತವೆ. ಕಣ್ಣು ನೆಟ್ಟ ಕಡೆಗೆ ವಾಹನ ಸಾಗುತ್ತದೆ. ಮೂರೂ ಸಹಜ, ಮೂರೂ ಅಪಾಯಕರ. ಬೋಧನೆಯಿಲ್ಲದೆ ಇವುಗಳನ್ನು ಮೀರುವುದು ಕಷ್ಟ.

ಈ ಶಾಲೆಯ ವಿಧಾನ ಸರಳವಾದುದು. ಒಂದು ಪಾಠದಲ್ಲಿ ಒಂದೇ ವಿಷಯ. ಮೊದಲನೆಯ ಹಂತದಲ್ಲಿ ಆಕ್ಸಿಲರೇಟರಿನ ಹತೋಟಿ, ತಿರುಗಲು ಆರಂಭಿಸಬೇಕಾದ ಬಿಂದುವಿನ ಆಯ್ಕೆ, ಚುರುಕಾಗಿ ತಿರುಗಿಸುವುದು, ಹ್ಯಾಂಡಲಿನ ಮೇಲೆ ಅನಾವಶ್ಯಕವಾದ ಬಲವನ್ನು ಹೇರದಿರುವುದು, ತಿರುಗುವ ಮೊದಲೇ ನೋಟವನ್ನು ಮುಂದಕ್ಕೆ ಒಯ್ಯುವುದು ಎಂಬ ಐದು ಪಾಠಗಳು. ಕೊಠಡಿಯಲ್ಲಿ ವಿವರಣೆ, ಕೂಡಲೇ ಪಥದಲ್ಲಿ ಪ್ರಯೋಗ, ಹಿಂದೆ ಮುಂದೆ ಸವಾರಿ ಮಾಡುತ್ತ ಬಂದ ಶಿಕ್ಷಕನಿಂದ ವಿಮರ್ಶೆ, ಮತ್ತೆ ಪಥಕ್ಕೆ. ಹ್ಯಾಂಡಲನ್ನು ಒತ್ತದೆ ಮೈಯನ್ನು ವಾಲಿಸುವುದರಿಂದಲೇ ವಾಹನ ತಿರುಗುತ್ತದೆಂದು ವಾದಿಸುವವರಿಗಾಗಿ, ಚೌಕಟ್ಟಿಗೆ ಅಲುಗದಂತೆ ಬೆಸೆದ ಇನ್ನೊಂದು ಜೊತೆ ಹಿಡಿಗಳಿರುವ ಮೋಟಾರ್ ಸೈಕಲ್ಲೊಂದನ್ನು ಕೋಡ್ ಸಿದ್ಧಪಡಿಸಿದನು. ಆ ಹಿಡಿಗಳನ್ನು ಹಿಡಿದು ಎಷ್ಟು ಹೊಯ್ದಾಡಿದರೂ ವಾಹನವು ನಿರ್ದಿಷ್ಟವಾಗಿ ತಿರುಗುವುದಿಲ್ಲ. ರ್‍ಯಾಂಕಿನ್ ಬರೆದುದನ್ನು ಹೀಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ಅರಿಯುವಂತಾಯಿತು.

ಪಥದ ಉಪಯೋಗವೇನೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ರಸ್ತೆಯಲ್ಲಿ ಒಂದು ತಿರುವು ಒಮ್ಮೆ ಬಂದು ಹೋಗುತ್ತದೆ. ಅಲ್ಲಿ ಮರಳಿರಬಹುದು, ಎದುರಿನಿಂದ ಬಸ್ಸು ಬರಬಹುದು, ದನ ಅಡ್ಡಬರಬಹುದು. ಪಥದಲ್ಲಿ ಅದೇ ತಿರುವು ಎರಡು ಮೂರು ನಿಮಿಷಗಳಿಗೊಮ್ಮೆ ಮರಳಿ ಬರುತ್ತದೆ. ಒಂದನ್ನು ಬದಲಾಯಿಸಿ ಉಳಿದುದನ್ನು ಹಾಗೆಯೇ ಇಟ್ಟು ಪರಿಣಾಮವನ್ನು ನೋಡುವ ಪ್ರಯೋಗಶಾಲೆಯ ಅನುಕೂಲ ಅಲ್ಲುಂಟು.

ಅಂಕಿ ಅಂಶಗಳ ಸಾಕ್ಷ್ಯ

ಪಂದ್ಯದ ಪಥದ ವಿದ್ಯೆ ಸಾಮಾನ್ಯ ಸವಾರನಿಗೆ ಬೇಕೆ? ಈ ಪ್ರಶ್ನೆಗೆ ಆಧಾರಸಹಿತವಾದ ಉತ್ತರ 1981ರಲ್ಲಿ ದೊರೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿ, ಇನ್ನೂ 3,600 ಪೋಲೀಸ್ ವರದಿಗಳನ್ನು ವಿಶ್ಲೇಷಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ಶೇಕಡ 92 ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಬಹುಪಾಲು ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರವನ್ನು ಜಾರಿಸಿದ್ದರು. ಮುಂದಿನ ಬ್ರೇಕನ್ನು ಸಾಲದಷ್ಟೇ ಬಳಸಿದ್ದರು. ಹ್ಯಾಂಡಲನ್ನು ಒತ್ತಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಕೌಶಲ ಅವರಲ್ಲಿ ಹೆಚ್ಚುಕಡಮೆ ಇರಲೇ ಇಲ್ಲ. ಅಪಾಯ ಕಂಡ ಕ್ಷಣದಿಂದ ಡಿಕ್ಕಿಯವರೆಗೆ ಸವಾರನಿಗೆ ದೊರೆಯುತ್ತಿದ್ದ ಕಾಲ ಸಾಮಾನ್ಯವಾಗಿ ಎರಡು ಸೆಕೆಂಡುಗಳಿಗಿಂತ ಕಡಿಮೆ.

ಇದರ ಅರ್ಥವನ್ನು ಲೆಕ್ಕಮಾಡಿ ನೋಡಬಹುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಎರಡು ಸೆಕೆಂಡುಗಳೆಂದರೆ ಸುಮಾರು 33 ಮೀಟರು. ಒಣಗಿದ ಡಾಂಬರಿನ ಮೇಲೆ ಎರಡು ಬ್ರೇಕುಗಳನ್ನೂ ಬಲ್ಲವನಂತೆ ಬಳಸಿದರೆ, ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದನ್ನು ಮಾತ್ರ ನಂಬಿದರೆ ಅದರ ಇಮ್ಮಡಿ ಬೇಕು. ಬ್ರೇಕು ಹಿಡಿದೊಡನೆ ಭಾರವು ಮುಂಚಕ್ರಕ್ಕೆ ಸರಿಯುವುದರಿಂದ ಹಿಂಚಕ್ರಕ್ಕೆ ಹಿಡಿತ ಉಳಿಯುವುದಿಲ್ಲವೆಂಬುದೇ ಇದಕ್ಕೆ ಕಾರಣ. ಮುಂದಿನ ಬ್ರೇಕು ಹಿಡಿದರೆ ಪಲ್ಟಿಯಾಗುವುದೆಂಬ ಹೆದರಿಕೆಯನ್ನು ಹಿರಿಯರು ಕಿರಿಯರಿಗೆ ದಾಟಿಸುತ್ತ ಬಂದಿರುವ ಮನೆಗಳಲ್ಲಿ, ಆ ಹೆದರಿಕೆಯ ಬೆಲೆ ಇಪ್ಪತ್ತು ಮೀಟರು.

ಆದರೆ ಇತಿಹಾಸವು ಒಂದೇ ಕಡೆಗೆ ಸಾಕ್ಷ್ಯ ನುಡಿಯುವುದಿಲ್ಲ. ನಾರ್ವೆ ದೇಶವು 1979ರಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ನೆಲದಲ್ಲಿ ವಾಹನವನ್ನು ಹತೋಟಿಗೆ ತರುವ ತರಬೇತಿಯನ್ನು ಕಡ್ಡಾಯ ಮಾಡಿತು. ಅದರ ಫಲವನ್ನು ಪರಿಶೀಲಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರುಣರು ಜಾರುವ ರಸ್ತೆಗಳಲ್ಲಿ ಮಾಡಿದ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದುವೆಂದು ಕಂಡುಬಂದಿತು. ಕೌಶಲಕ್ಕಿಂತ ಆತ್ಮವಿಶ್ವಾಸ ಬೇಗ ಬೆಳೆದಿತ್ತು. ಮೋಟಾರ್ ಸೈಕಲ್ ತರಬೇತಿಯನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯೂ, ತರಬೇತಿಯಿಂದ ಅಪಘಾತಗಳು ತಗ್ಗುತ್ತವೆಂದು ಖಚಿತವಾಗಿ ಹೇಳಲು ಇರುವ ಆಧಾರಗಳು ಸಾಲವೆಂದೇ ತೀರ್ಮಾನಿಸಿತು. ಈ ಸಂಗತಿಗಳನ್ನು ಮರೆಮಾಚಿ ತರಬೇತಿಯ ಗುಣಗಾನ ಮಾಡುವುದು ಸಲ್ಲದು. ಪಥದಲ್ಲಿ ಕಲಿತ ಕೈಚಳಕಕ್ಕೆ ಪೋಲೀಸರ ಶಾಲೆಯ ವಿವೇಚನೆ ಜೊತೆಗೂಡದಿದ್ದರೆ ಅದು ರಸ್ತೆಯಲ್ಲಿ ಹೆಚ್ಚು ವೇಗವಾಗಿ ಪರಿಣಮಿಸಬಹುದು; ಕೈಚಳಕವಿಲ್ಲದ ವಿವೇಚನೆಗೆ ಆ ಕೊನೆಯ ಎರಡು ಸೆಕೆಂಡುಗಳಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಎರಡು ಮೂಲಗಳಲ್ಲಿ ಯಾವುದೊಂದೂ ತನ್ನಷ್ಟಕ್ಕೆ ಪೂರ್ಣವಲ್ಲವೆಂಬುದೇ ಇವುಗಳಿಂದ ತಿಳಿಯಬೇಕಾದ ಅಂಶ.

ಭಾರತದಲ್ಲಿ

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಮೋಟಾರ್ ಸೈಕಲ್ ತಯಾರಿಕೆಯೂ ಪಂದ್ಯಗಳೂ ಹೆಚ್ಚುಕಡಮೆ ಒಟ್ಟಿಗೆ ಬೆಳೆದುವು. 1953ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನದ ಓಡುದಾರಿ ಅದರ ಪಂದ್ಯಗಳಿಗೆ ನೆಲೆಯಾಯಿತು. ಮೈಸೂರಿನಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. 1996ರಲ್ಲಿ ಮುಚ್ಚುವವರೆಗೆ ಜಾವಾ ಮತ್ತು ಯೆಜ್ಡಿ ಎಂಬ ಹೆಸರುಗಳಿಂದ ಅವು ಕನ್ನಡ ನಾಡಿನ ಮನೆಮಾತಾಗಿದ್ದುವು. ಮೈಸೂರಿನ ಈ ವಾಹನಗಳು ಶೋಲಾವರಂ ಪಂದ್ಯಗಳಲ್ಲಿಯೂ ಓಡಿದುವು. ಆದರೆ ವರ್ಷಕ್ಕೆ ಕೆಲವೇ ದಿನ ಪಂದ್ಯಕ್ಕೆ ದೊರೆಯುವ ಓಡುದಾರಿಯಲ್ಲಿ ಶಾಲೆ ನಡೆಯುವುದು ಸಾಧ್ಯವಿರಲಿಲ್ಲ.

1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಅದೇ ಕ್ಲಬ್ ಸುಮಾರು 3.7 ಕಿಲೋಮೀಟರು ಉದ್ದದ, ಹನ್ನೆರಡು ತಿರುವುಗಳ ಶಾಶ್ವತ ಪಥವನ್ನು ತೆರೆದಾಗ ಪರಿಸ್ಥಿತಿ ಬದಲಾಯಿತು. 2003ರಲ್ಲಿ ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ, 2011ರಲ್ಲಿ ದೆಹಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಅಂತರರಾಷ್ಟ್ರೀಯ ಪಥ ಸಿದ್ಧವಾದುವು. 2010ರ ದಶಕದಲ್ಲಿ ಕೀತ್ ಕೋಡನ ಶಾಲೆಯ ಶಿಕ್ಷಕರು ಚೆನ್ನೈಯ ಪಥಕ್ಕೆ ಬಂದು ಪಾಠ ಹೇಳಿದರು. ದೇಶೀಯ ಸವಾರರು ನಡೆಸುವ ಶಾಲೆಗಳೂ ತಲೆಯೆತ್ತಿದುವು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಮಣ್ಣಿನ ನೆಲದಲ್ಲಿ ಸವಾರಿಯನ್ನು ಕಲಿಸುವ ಕೇಂದ್ರವೊಂದನ್ನು ಕೋಲಾರದ ಸೀಮೆಯಲ್ಲಿ ಅವರು ತೆರೆದರು. ಅಂಥ ನಿಪುಣರೂ 2021ರ ದಕಾರ್‌ನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡು ಚೇತರಿಸಿಕೊಳ್ಳಬೇಕಾಯಿತೆಂಬುದು, ಕೌಶಲವು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲವೆಂಬುದಕ್ಕೆ ನಿದರ್ಶನ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಗೆದ್ದರು. ಸವಾರಿ ಗಂಡಸಿನ ಎದೆಗಾರಿಕೆಗೆ ಸೇರಿದ್ದೆಂಬ ಹಳೆಯ ಭಾವನೆಗೆ ಈ ಗೆಲವು ತಕ್ಕ ಉತ್ತರವಾಗಿದೆ.

ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಪಥದಲ್ಲಿ ಒಂದು ದಿನದ ಪಾಠಕ್ಕೆ ತೆರಬೇಕಾದ ಶುಲ್ಕ, ಚರ್ಮದ ಉಡುಪು, ಪ್ರಯಾಣದ ವೆಚ್ಚ ಇವುಗಳನ್ನು ಭರಿಸಬಲ್ಲವರು ಕೆಲವರು. ದಿನವೂ ಹಾಲು, ಅಂಚೆ, ಔಷಧಿ, ಮಕ್ಕಳು, ಮೂಟೆಗಳನ್ನು ಹೊತ್ತು ಸಾಗುವ ಕೋಟ್ಯಂತರ ಸವಾರರು ಇಂದಿಗೂ ಹರ್ಟನ ವರದಿಯ ಶೇಕಡ 92 ಮಂದಿಯಂತೆಯೇ ಅಣ್ಣನಿಂದಲೋ ನೆರೆಯವನಿಂದಲೋ ಕಲಿತವರು. ಯಂತ್ರವನ್ನು ಸುಧಾರಿಸುವ ಕಾರ್ಯ ನಡೆದಿದೆ: 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಚಕ್ರವು ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಮನುಷ್ಯನನ್ನು ತಿದ್ದುವ ಕಾರ್ಯ ಅಷ್ಟು ಮುಂದುವರಿದಿಲ್ಲ. ಅನೇಕ ಊರುಗಳಲ್ಲಿ ಲೈಸೆನ್ಸಿನ ಪರೀಕ್ಷೆಯೆಂದರೆ ನೆಲದ ಮೇಲೆ ಬರೆದ ಎಂಟರ ಆಕೃತಿಯಲ್ಲಿ ಕಾಲೂರದೆ ಸುತ್ತಿಬರುವುದು. ಅದು ನಡಿಗೆಯ ವೇಗದಲ್ಲಿ ಸಮತೋಲನವನ್ನು ಪರೀಕ್ಷಿಸುತ್ತದೆ. ವೇಗದಲ್ಲಿ ಬ್ರೇಕು ಹಿಡಿಯುವುದನ್ನೂ ಅಡೆತಡೆಯನ್ನು ತಪ್ಪಿಸಿಕೊಳ್ಳುವುದನ್ನೂ, ಅಂದರೆ ಪ್ರಾಣ ಉಳಿಸುವ ಎರಡು ಕ್ರಿಯೆಗಳನ್ನು, ಅದು ಪರೀಕ್ಷಿಸುವುದಿಲ್ಲ.

ಉಪಸಂಹಾರ

ಮೇಲಿನ ಇತಿಹಾಸದಿಂದ ಮೂರು ಸಂಗತಿಗಳು ವಿಶದವಾಗುತ್ತವೆ. ಸವಾರಿಯು ಹುಟ್ಟುಗುಣವಲ್ಲ, ವಿಂಗಡಿಸಿ, ಹೆಸರಿಟ್ಟು, ಕಲಿಸಬಹುದಾದ ವಿದ್ಯೆ. ಅದನ್ನು ಕಲಿಸುವುದಕ್ಕೆ ಜನಸಂಚಾರದಿಂದ ಬೇರೆಯಾದ ನೆಲವೂ, ನೋಡಿ ಹೇಳಬಲ್ಲ ಶಿಕ್ಷಕನೂ ಅಗತ್ಯ. ಕೈಯ ಪಾಠಕ್ಕೆ ಕಣ್ಣಿನ ಮತ್ತು ವಿವೇಕದ ಪಾಠ ಜೊತೆಯಾಗದಿದ್ದರೆ ಫಲ ಸಂದೇಹಾಸ್ಪದ.

ಬ್ರೇಕು ಹಿಡಿಯುವುದನ್ನು ಕಲಿಯಲು 3.7 ಕಿಲೋಮೀಟರಿನ ಪಥ ಬೇಕಾಗಿಲ್ಲ. ನೂರು ಮೀಟರು ಉದ್ದದ ಸಮತಟ್ಟಾದ ಅಂಗಳ, ಗುರುತಿಗೆ ನೆಟ್ಟ ಕೆಲವು ಗೂಟಗಳು, ತರಬೇತಿ ಪಡೆದ ಒಬ್ಬ ಶಿಕ್ಷಕ, ಒಂದು ಬೆಳಗಿನ ಹೊತ್ತು ಇಷ್ಟಿದ್ದರೆ ಮೊದಲ ಪಾಠ ನಡೆಯುತ್ತದೆ. ಪ್ರತಿಯೊಂದು ತಾಲೂಕಿನಲ್ಲಿಯೂ ಇಂಥ ಅಂಗಳವೊಂದನ್ನು ಒದಗಿಸುವುದು ಸರ್ಕಾರಕ್ಕೂ ವಾಹನ ತಯಾರಕರಿಗೂ ಭಾರವಾಗಲಾರದು. ಕುದುರೆಗೆ ವಾಹ್ಯಾಳಿಯನ್ನು ಒದಗಿಸಿದ ನಾಡು, ಅದಕ್ಕಿಂತ ವೇಗವಾಗಿ ಓಡುವ ವಾಹನದ ಸವಾರನನ್ನು ನೇರವಾಗಿ ಹೆದ್ದಾರಿಗೆ ಕಳುಹಿಸುತ್ತಿರುವುದು ಇನ್ನು ಮುಂದುವರಿಯಬಾರದು.